ಹಳೇ ಔಟ್‌ಬೋರ್ಡ್ ಮೋಟರ್‌ಗೆ ಕಾರಿನ ಕೀ ಸ್ವಿಚ್ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ದೋಣಿಯ ಹಿಂದೆ ಕಟ್ಟುವ ನಿಮ್ಮ ಎಂಜಿನ್‌ನಲ್ಲಿ ಕೀ ತಿರುಗಿಸಿದರೆ ಒಮ್ಮೆ ಬರೀ ‘ಟಿಕ್’ ಅನ್ನುತ್ತೆ, ಒಮ್ಮೆ ಸೆಲ್ಫ್ ತಿರುಗುತ್ತೆ, ಓಡುತ್ತಾ ಓಡುತ್ತಾ ಆಫ್ ಕೂಡ ಆಗುತ್ತೆ, ಹಾಗಾಗಿ ಸ್ವಿಚ್ಚೋ ಪೂರ್ತಿ ವೈರಿಂಗೋ ಬದಲಿಸಬೇಕು ಅಂತ ಬರೆದಿದ್ದೀರಿ. ನನ್ನ ಹಳೇ ಟೂ ಸ್ಟ್ರೋಕ್ ಮೋಟರ್‌ನದ್ದೂ ಇದೇ ಗೋಳು. ನಾನೂ ಹೀಗೇ ಲೆಕ್ಕ ಹಾಕಿ ಪವರ್ ಪ್ಯಾಕ್, ಅಂದ್ರೆ ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸುಟ್ಟುಕೊಂಡೆ.

ಕಾರಿನ ಸ್ವಿಚ್ ಒಂದು ಸುಮ್ನೆ ಬಿದ್ದಿತ್ತು. ಕೆಂಪು ವೈರ್ ಬ್ಯಾಟರಿ ಪಿನ್‌ಗೆ, ಹಳದಿ-ಕೆಂಪು ಸ್ಟಾರ್ಟ್ ಪಿನ್‌ಗೆ ಸಿಕ್ಕಿಸಿದೆ. ಕಪ್ಪು-ಹಳದಿ ಉಳಿಯಿತು. ಇಗ್ನಿಷನ್ ಕಡೆಗೇ ಹೋಗುತ್ತಲ್ಲ ಅಂತ ಅದನ್ನು ಇಗ್ನಿಷನ್ ಪಿನ್‌ಗೆ ಕೊಟ್ಟೆ. ಕೀ ಆನ್ ಮಾಡಿದೆ. ಹೊಗೆ ಇಲ್ಲ, ಸದ್ದಿಲ್ಲ. ಪ್ಲಗ್‌ನಲ್ಲಿ ಕಿಡಿಯೂ ಇಲ್ಲ, ಆಮೇಲೆ ಬರಲೂ ಇಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು. ಕಾರಿನಲ್ಲಿ ಕೀ ಆನ್ ಮಾಡಿದರೆ ಇಗ್ನಿಷನ್‌ಗೆ 12 ವೋಲ್ಟ್ ಹೋಗುತ್ತೆ, ಆಫ್ ಮಾಡಿದರೆ ನಿಲ್ಲುತ್ತೆ. ಇಂಥ ಹಳೇ ಔಟ್‌ಬೋರ್ಡ್‌ಗಳಲ್ಲಿ ಎಲ್ಲಾ ಉಲ್ಟಾ. ಕಿಡಿಗೆ ಬೇಕಾದ ಕರೆಂಟು ಫ್ಲೈವೀಲ್ ಕೆಳಗಿನ ಕಾಯಿಲ್‌ನಿಂದಲೇ ಬರುತ್ತೆ, ಬ್ಯಾಟರಿ ಇರುವುದು ಸೆಲ್ಫ್‌ಗೆ. ಕಪ್ಪು-ಹಳದಿ ಇರುವುದು ಎಂಜಿನ್ ನಿಲ್ಲಿಸಲಿಕ್ಕೆ. ಔಟ್‌ಬೋರ್ಡ್ ಸ್ವಿಚ್‌ನಲ್ಲಿ ‘ಎಂ’ ಅಂತ ಎರಡು ಪಿನ್ ಇರುತ್ತವೆ. ಆಫ್‌ನಲ್ಲಿ ಅವೆರಡೂ ಒಂದಾಗಿ ಆ ವೈರ್ ಅರ್ಥ್ ಆಗುತ್ತೆ, ಕಿಡಿ ಸಾಯುತ್ತೆ. ಆನ್‌ನಲ್ಲಿ ಬೇರೆಯಾಗುತ್ತವೆ, ಅಷ್ಟೇ. ಆ ವೈರ್‌ಗೆ ಬ್ಯಾಟರಿ ಕರೆಂಟು ತಾಕಲೇಬಾರದು. ನಾನು ನೇರವಾಗಿ ಕೊಟ್ಟಿದ್ದೆ. ನಿಮ್ಮ ಮೋಟರ್‌ನಲ್ಲಿ ಬಣ್ಣ ಬೇರೆ ಇದ್ದೀತು, ಪವರ್ ಪ್ಯಾಕ್‌ನಿಂದ ವೈರ್ ಹಿಡಿದುಕೊಂಡೇ ಬನ್ನಿ.

ಹೊಟ್ಟೆ ಉರಿಯುವ ವಿಷಯ ಅಂದ್ರೆ ನನ್ನ ಹಳೇ ಸ್ವಿಚ್‌ಗೆ ಏನೂ ಆಗಿರಲಿಲ್ಲ. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್‌ಗೆ ಹೋಗುವ ದಪ್ಪ ಕೇಬಲ್ ಹಾಳಾಗಿತ್ತು. ಮೇಲಿಂದ ನೋಡಿದರೆ ಲಗ್ (ಕೇಬಲ್ ತುದಿಯ ಲೋಹದ ಕ್ಲಿಪ್) ಗಟ್ಟಿಯಾಗೇ ಇತ್ತು. ಇನ್ಸುಲೇಷನ್ ಸೀಳಿದಾಗ ಒಳಗೆ ಅರ್ಧ ಗೇಣಿನಷ್ಟು ತಾಮ್ರ ಕಿಲುಬು ಹಿಡಿದು ಕಪ್ಪಾಗಿತ್ತು, ಉಗುರು ತಾಗಿದರೆ ಪುಡಿ ಉದುರುತ್ತಿತ್ತು.

ಆದ್ದರಿಂದ ಪೂರ್ತಿ ವೈರಿಂಗ್ ಬದಲಿಸುವ ಮಾತು ಬಿಡಿ. ಮುಟ್ಟಿದ ಕಡೆಯಲ್ಲೆಲ್ಲ ಇನ್ಸುಲೇಷನ್ ಉದುರುತ್ತಿದ್ದರೆ ಮಾತ್ರ ಆ ಕೆಲಸ. ಮೊದಲು ಮಲ್ಟಿಮೀಟರ್ ತಗೊಳ್ಳಿ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಿತು ಅಂತ ಖುಷಿಪಡಬೇಡಿ, ಹಾಳಾದ ಕೇಬಲ್ಲೂ ಆಗ ಚೆನ್ನಾಗೇ ಕಾಣುತ್ತೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗ ಎಳೆದಿಡಿ, ಎಂಜಿನ್ ಸ್ಟಾರ್ಟ್ ಆಗಬಾರದು. ಮೀಟರ್‌ನ ಒಂದು ವೈರಿನ ಮೊನೆ ಬ್ಯಾಟರಿ ನೆಗೆಟಿವ್ ಕಂಬಕ್ಕೇ ಇಡಿ, ಲಗ್‌ಗಲ್ಲ. ಇನ್ನೊಂದನ್ನು ಎಂಜಿನ್ ಬ್ಲಾಕ್‌ನಲ್ಲಿ ಬಣ್ಣ ಕೆರೆದ ಜಾಗಕ್ಕೆ ಒತ್ತಿ. ಯಾರಾದರೂ ಕೀ ತಿರುಗಿಸಲಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಹಾಗೇ ಬಿಟ್ಟರೆ ಸೆಲ್ಫ್‌ನ ಕರೆಂಟು ಸಣ್ಣ ಕಪ್ಪು ವೈರ್‌ಗಳಲ್ಲಿ ದಾರಿ ಹುಡುಕಿಕೊಂಡು ಅವನ್ನೂ ಕರಗಿಸುತ್ತೆ.

ಅರ್ಥ್ ಸರಿ ಇದ್ದರೆ ಪಾಸಿಟಿವ್ ಕಡೆಯೂ ಹೀಗೇ ನೋಡಿ, ಬ್ಯಾಟರಿ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರ್ ತನಕ. ಟಿಕ್ ಅಂದಾಗ ಸೊಲೆನಾಯ್ಡ್‌ನ (ಕೀ ತಿರುಗಿಸಿದಾಗ ಸೆಲ್ಫ್‌ಗೆ ಕರೆಂಟು ಕೊಡುವ ದೊಡ್ಡ ರಿಲೇ) ಎರಡು ದಪ್ಪ ಬೋಲ್ಟ್‌ಗಳ ನಡುವೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಬಂದರೆ ಸೊಲೆನಾಯ್ಡ್ ಬದಲಿಸಿ.

ಓಡುತ್ತಾ ಓಡುತ್ತಾ ಆಫ್ ಆಗುತ್ತೆ ಅಂದಿರಲ್ಲ, ಅದು ಬೇರೆ ಕಾಯಿಲೆ ಇರಬಹುದು. ಕಪ್ಪು-ಹಳದಿ ಎಲ್ಲೋ ಸವೆದು ಬ್ಲಾಕ್‌ಗೆ ತಾಗುತ್ತಿದೆಯಾ ನೋಡಿ. ಪವರ್ ಪ್ಯಾಕ್ ಹತ್ತಿರ ಅದನ್ನು ಬಿಚ್ಚಿ, ದೋಣಿಯನ್ನು ದಡದಲ್ಲೇ ಕಟ್ಟಿಕೊಂಡು, ನೀರಲ್ಲಿ ಓಡಿಸಿ ಪರೀಕ್ಷಿಸಬಹುದು. ಆದರೆ ಆಗ ಕೀ ಆಫ್ ಮಾಡಿದರೂ, ಹಗ್ಗ ಎಳೆದರೂ ಎಂಜಿನ್ ನಿಲ್ಲಲ್ಲ. ಚೋಕ್ ಎಳೆದು ನಿಲ್ಲಿಸಬೇಕು. ಹಾಗೆ ಬಿಚ್ಚಿಟ್ಟುಕೊಂಡು ಮಾತ್ರ ದಡ ಬಿಟ್ಟು ಹೋಗಬೇಡಿ.