ತುಮಕೂರಲ್ಲಿ ಮೊದಲ್ನೇ ಸಲ ಕಾರ್ ತಗೊಳ್ತಿದೀನಿ, ಇನ್ಶೂರೆನ್ಸ್ ಕಡಿಮೆಗೆ ಹೇಗೆ ಮಾಡಿಸೋದು?
ಶೋರೂಮ್‌ನೋರು ಕೊಟ್ಟಿದ್ದಕ್ಕೇ ಹೂಂ ಅನ್ಬೇಡಿ, ಅವರ ಹತ್ರಾನೇ ಮಾಡಿಸ್ಬೇಕು ಅಂತ ರೂಲ್ಸ್ ಏನಿಲ್ಲ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಿಮ್ಮ ಕಾರಿಂದ ಬೇರೆಯವ್ರಿಗೆ ಆಗೋ ನಷ್ಟಕ್ಕೆ) ಕಡ್ಡಾಯ, ಅದರ ರೇಟ್ ಸರ್ಕಾರಾನೇ ಫಿಕ್ಸ್ ಮಾಡಿರೋದು, ಚೌಕಾಸಿ ನಡೆಯಲ್ಲ. ವ್ಯತ್ಯಾಸ ಬರೋದೆಲ್ಲಾ ನಿಮ್ಮ ಕಾರಿಗೇ ಆಗೋ ನಷ್ಟಕ್ಕೆ ಇರೋ ಓನ್ ಡ್ಯಾಮೇಜ್‌ನಲ್ಲಿ, ಅದನ್ನ ನಾಲ್ಕೈದು ಕಂಪನಿ ಸೈಟಲ್ಲಿ ಒಂದೇ ಐಡಿವಿ (ಪಾಲಿಸೀಲಿ ಕಾರಿಗೆ ಕಟ್ಟೋ ಬೆಲೆ) ಹಾಕಿ ನೋಡಿ, ಯಾಕಂದ್ರೆ ಕೆಲವರು ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸ್ತಾರೆ, ನಾಳೆ ಕಾರ್ ಕಳುವಾದ್ರೆ ಕೈಗೆ ಬರೋದೂ ಅಷ್ಟೇ ಕಡಿಮೆ. ಪಾಲಿಸಿಗೆ ಎಕ್ಸ್ಟ್ರಾ ಸೇರಿಸೋ ಕೀ ಕವರ್, ಟೈರ್ ಕವರ್ ಎಲ್ಲಾ ತೆಗೆಸಿ. ಝೀರೋ ಡೆಪ್ (ಪಾರ್ಟ್ ಹಳೇದಾಯ್ತು ಅಂತ ಕ್ಲೇಮ್ ದುಡ್ಡಲ್ಲಿ ಕಟ್ ಮಾಡದೇ ಇರೋ ಕವರ್) ಮಾತ್ರ ಇರ್ಲಿ, ಹೊಸದಾಗಿ ಓಡಿಸೋರು ಎಂಜಿ ರೋಡಲ್ಲಿ ಪಾರ್ಕ್ ಮಾಡೋವಾಗ ಬಂಪರ್ ಉಜ್ಜೋದು ಗ್ಯಾರಂಟಿ (ಬೇಜಾರಾಗ್ಬೇಡಿ), ಅದಿಲ್ದಿದ್ರೆ ಪ್ಲಾಸ್ಟಿಕ್ ಪಾರ್ಟ್‌ಗೆ 50% ಕಟ್ ಮಾಡ್ತಾರೆ. ಸಣ್ಣ ಗೀರಿಗೆಲ್ಲಾ ಕ್ಲೇಮ್ ಹಾಕ್ಬೇಡಿ, ವರ್ಷ ಪೂರ್ತಿ ಕ್ಲೇಮ್ ಇಲ್ದಿದ್ರೆ ರಿನ್ಯೂವಲ್‌ನಲ್ಲಿ ಓನ್ ಡ್ಯಾಮೇಜ್ ಮೇಲೆ 20% ಬಿಡ್ತಾರೆ.