ಗಾರ್ದಾರ್ ಮಾದರಿಯಲ್ಲಿ ಗೋಧಿ ಹೊಲ ಬೇಡ, ಕಾಲುವೆ ಬೇಕು

ಸರ್, ಮಗಳ ಶಾಲೆಯ ಪ್ರದರ್ಶನಕ್ಕೆ ಗ್ರೀನ್‌ಲ್ಯಾಂಡಿನ ಗಾರ್ದಾರ್ ಎಂಬ ನಾರ್ಸ್ ಊರಿನ, ಅಂದರೆ ಮಧ್ಯಯುಗದಲ್ಲಿ ಅಲ್ಲಿ ನೆಲೆಸಿದ್ದ ಸ್ಕ್ಯಾಂಡಿನೇವಿಯಾ ಮೂಲದವರ ಊರಿನ, ಮಾದರಿ ಮಾಡುತ್ತಿದ್ದೀರಿ. ಗೋಧಿ ಹೊಲ ಎಲ್ಲಿಡಬೇಕು, ಹಿಮದ ನಾಡಿನಲ್ಲಿ ಕಾಲುವೆ ತೋರಿಸಿದರೆ ತಪ್ಪಾಗುತ್ತದೆಯೇ ಎಂದು ಕೇಳಿದ್ದೀರಿ. ಗೋಧಿ ಹೊಲವನ್ನು ತೆಗೆದುಬಿಡಿ. ಕಾಲುವೆ ಮಾತ್ರ ಇರಲೇಬೇಕು.

ಅಲ್ಲಿನ ಬೆಳೆ ಎಂದರೆ ಹುಲ್ಲು. ಬ್ರೆಡ್ ಎಂದರೇನೆಂದೇ ಅಲ್ಲಿನ ಹೆಚ್ಚಿನವರಿಗೆ ಗೊತ್ತಿಲ್ಲ ಎಂದು ಸುಮಾರು 1250ರ ನಾರ್ವೆಯ ಗ್ರಂಥವೊಂದು ಹೇಳುತ್ತದೆ. ಸುಟ್ಟ ಬಾರ್ಲಿ ಕಾಳುಗಳು ಉತ್ಖನನದಲ್ಲಿ ಸಿಕ್ಕಿರುವುದರಿಂದ ಮನೆ ಪಕ್ಕ ಅಂಗೈಯಗಲ ಬಾರ್ಲಿ ಮಡಿ ಇಟ್ಟರೆ ಅಡ್ಡಿಯಿಲ್ಲ, ಅಷ್ಟೇ. ಜನ ಬದುಕಿದ್ದು ಹಾಲು, ಬೆಣ್ಣೆ, ಚೀಸ್, ಕುರಿಮಾಂಸ, ಸೀಲ್ ಮಾಂಸದ ಮೇಲೆ. ಆಡು ಕುರಿಗಳು ಚಳಿಗಾಲದಲ್ಲೂ ಸ್ವಲ್ಪ ಹೊರಗೆ ಮೇಯುತ್ತವೆ. ಹಸುವಿಗೆ ಅದು ಆಗದು, ವರ್ಷದ ಹೆಚ್ಚಿನ ತಿಂಗಳು ಕೊಟ್ಟಿಗೆಯಲ್ಲೇ ಕಟ್ಟಿ ಒಣಹುಲ್ಲು ಹಾಕಬೇಕು. ಬೇಸಿಗೆಯ ಕೆಲವೇ ವಾರಗಳಲ್ಲಿ ಎಷ್ಟು ಹುಲ್ಲು ಕೊಯ್ದು ಒಣಗಿಸಿದರೋ ಅಷ್ಟೇ ಹಸು ಉಳಿಯುತ್ತಿದ್ದವು.

ಗಾರ್ದಾರ್ ಅಂದರೆ ಇಂದಿನ ಇಗಾಲಿಕು, ಅಲ್ಲಿನ ಬಿಷಪ್ ಪೀಠವಿದ್ದ ಊರು. ಅದನ್ನೇ ಆರಿಸಿಕೊಂಡದ್ದು ಒಳ್ಳೆಯದಾಯಿತು. ಸುಮಾರು ನೂರು ಹಸು ಹಿಡಿಸುವ ಕೊಟ್ಟಿಗೆಗಳ ಅವಶೇಷ ಅಲ್ಲಿದೆ. ಅಷ್ಟಕ್ಕೆ ಮೇವು ಎಲ್ಲಿಂದ? ಡೆನ್ಮಾರ್ಕಿನ ಪುರಾತತ್ವಜ್ಞ ಕ್ನುಡ್ ಕ್ರೋ 1970ರ ದಶಕದಲ್ಲಿ ಉತ್ತರ ಕೊಟ್ಟರು: ಊರಿನ ಮೇಲ್ಭಾಗದ ನೀರಿಗೆ ಒಡ್ಡು ಕಟ್ಟಿ, ಅಲ್ಲಿಂದ ಕಾಲುವೆಯಲ್ಲಿ ಹುಲ್ಲಿನ ಹೊಲಕ್ಕೆ ಹಾಯಿಸುತ್ತಿದ್ದರು. ಹಿಮವಿರುವ ನಾಡಿಗೆ ಇದೇಕೆ ಅನ್ನಿಸುವುದು ಸಹಜ. ಆದರೆ ಫ್ಯೋರ್ಡುಗಳ, ಅಂದರೆ ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲ ತೋಳುಗಳ, ಒಳತುದಿ ಹೊರಕಡಲಿನ ಅಂಚಿಗಿಂತ ಒಣ. ಹಿಮಗಡ್ಡೆಯ ಕಡೆಯಿಂದ ಇಳಿದು ಬರುವ ಒಣ ಬಿಸಿಗಾಳಿ ನೆಲದ ತೇವ ಹೀರುತ್ತದೆ. ಹಿಮ ಕರಗಿದ ನೀರು ಬೇಸಿಗೆಯ ಮೊದಲಲ್ಲೇ ಹರಿದು ಸಮುದ್ರ ಸೇರುತ್ತದೆ, ಹುಲ್ಲು ಎದ್ದು ನಿಲ್ಲುವ ಹೊತ್ತಿಗೆ ಬೇರಿಗೆ ನೀರಿಲ್ಲ. ಆ ನೀರನ್ನು ಮೇಲೆಯೇ ಹಿಡಿದಿಟ್ಟು ಬೇಕಾದಾಗ ಬಿಡುವುದೇ ಇಡೀ ಉಪಾಯ.

ಹಾಗಾಗಿ ಮಾದರಿಯಲ್ಲಿ ಕೆರೆ ಎತ್ತರದಲ್ಲಿರಲಿ, ಒಡ್ಡಿಗೆ ಕಲ್ಲು ಮತ್ತು ಹುಲ್ಲುಹೆಂಟೆ. ಕಾಲುವೆಯನ್ನು ನೇರ ಕೆಳಕ್ಕೆ ಇಳಿಸಬೇಡಿ, ಮಣ್ಣು ಕೊಚ್ಚಿಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ, ಸ್ವಲ್ಪವೇ ವಾಟ ಕೊಟ್ಟು ತನ್ನಿ. ಹುಲ್ಲಿಗೆ ಪಾತಿ ಬೇಕಿಲ್ಲ, ನೀರು ತೆಳುವಾಗಿ ಹರಡಿದರೆ ಸಾಕು.

ಗೊಬ್ಬರ ಮರೆಯಬೇಡಿ, ಸರ್. ನೀರಿನಷ್ಟೇ ಮುಖ್ಯ. ಕೊಟ್ಟಿಗೆಯ ಸಗಣಿ, ಮನೆಯ ಕಸವನ್ನೆಲ್ಲ ಮನೆ ಪಕ್ಕದ ಹುಲ್ಲಿನ ಹೊಲಕ್ಕೇ ಹಾಕುತ್ತಿದ್ದರು. ಗಾರ್ದಾರಿನ ಮಣ್ಣಿನ ಪದರಗಳಲ್ಲಿ ಅದರ ಗುರುತು ಇಂದಿಗೂ ಸಿಗುತ್ತದೆ. ಆ ಹೊಲಕ್ಕೆ ಗೋಡೆ ಹಾಕಿ ಒಳಗೆ ಗಾಢ ಹಸಿರು, ಹೊರಗಿನ ಮೇವುಮಾಳಕ್ಕೆ ಕಂದುಹಸಿರು ಬಳಿಯಿರಿ. ದೂರದ ಗುಡ್ಡದಲ್ಲಿ ಬೇಸಿಗೆಯ ಹಾಲು ಕರೆಯುವ ಪುಟ್ಟ ಗುಡಿಸಲೊಂದಿರಲಿ. ಎತ್ತರದ ಮರ ಬೇಡ, ಗಿಡ್ಡ ಬರ್ಚ್, ವಿಲ್ಲೋ ಪೊದೆ ಸಾಕು. ಚರ್ಚು ಕೆಂಪು ಮರಳುಗಲ್ಲಿನದು.

ಅವರೆಲ್ಲ ಚಳಿಗೆ ಸತ್ತರಾ ಎಂದು ಮಗಳು ಕೇಳಿದ್ದಾಳಂತೆ. ತುಂಬ ಒಳ್ಳೆಯ ಪ್ರಶ್ನೆ. ಸುಮಾರು 985ರಲ್ಲಿ ಎರಿಕ್ ದಿ ರೆಡ್ ಎಂಬ ನಾಯಕನ ಜೊತೆ ಶುರುವಾದ ನೆಲೆ 15ನೇ ಶತಮಾನದಲ್ಲಿ ಬರಿದಾಯಿತು. 1408ರಲ್ಲಿ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಮದುವೆಯೇ ಅವರ ಬಗ್ಗೆ ಸಿಗುವ ಕೊನೆಯ ಬರಹ. ಚಳಿಯನ್ನೇ ದೂರುವುದು ರೂಢಿ. ಆದರೆ ಎರಿಕ್‌ನ ಊರಾದ ಇಂದಿನ ಕಾಸಿಯಾರ್ಸುಕ್ ಹತ್ತಿರದ ಕೆರೆಯೊಂದರ ಕೆಸರು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಕಾಲದಲ್ಲಿ ಉಷ್ಣಾಂಶ ಅಷ್ಟೇನೂ ಬದಲಾಗದೆ ನೆಲ ಮಾತ್ರ ಒಣಗುತ್ತಾ ಹೋದದ್ದು ಕಂಡಿದೆ. ವಾಲ್ರಸ್ ಎಂಬ ಕಡಲಪ್ರಾಣಿಯ ದಂತದ ವ್ಯಾಪಾರ ಕುಸಿದದ್ದು, ಹಡಗು ಬರುವುದು ನಿಂತದ್ದು ಕೂಡ ಕಾರಣವೆನ್ನುತ್ತಾರೆ. ನನಗಂತೂ ಹುಲ್ಲು ಒಣಗಿದ ಮಾತೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ, ಏಕೆಂದರೆ ಮೇವು ಕಡಿಮೆಯಾದರೆ ಮೊದಲು ಹೋಗುವುದು ಹಸು.

ಫಲಕದ ಮೇಲೆ "ಗಾರ್ದಾರ್, 13ನೇ ಶತಮಾನ" ಎಂದು ಬರೆಸಿ.