ರಜೆಯಲ್ಲಿ ಒಂದೇ ಸಲ ಜಾಸ್ತಿ ಅನ್ನ ಮಾಡಿಟ್ಟುಕೊಂಡು ರಾತ್ರಿ ಬಿಸಿ ಮಾಡಿ ತಿಂದರೆ ಸಾಕಲ್ವಾ?

ಬರೀ ಬಿಸಿ ಮಾಡಿದರೆ ಸಾಕಾಗುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ಅನ್ನ ಫ್ರಿಜ್ ಸೇರಬೇಕು. ಬೇಸಿಗೆಯಲ್ಲಿ ಕೋಣೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅದು ಸ್ಪೋರ್ ಆಗಿ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದ ಬೀಜದ ಹಾಗೆ, ಕುದಿಯುವ ನೀರಲ್ಲೂ ಉಳಿದುಕೊಳ್ಳುತ್ತದೆ. ಅನ್ನ ಹೊರಗೆ ನಿಧಾನವಾಗಿ ಆರುವಾಗ ಅದು ಎಚ್ಚೆತ್ತು ಬೆಳೆಯುತ್ತದೆ, ವಾಂತಿ ತರಿಸುವ ವಿಷ ಬಿಡುತ್ತದೆ. ಮತ್ತೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಆ ವಿಷ ಬಿಸಿಗೆ ಜಗ್ಗುವುದಿಲ್ಲ. ವಾಸನೆ, ರುಚಿ ನೋಡಿ ಕಂಡುಹಿಡಿಯುತ್ತೇನೆ ಅಂದರೆ ಅದೂ ಆಗದ ಮಾತು. ಪಾಸ್ತಾ, ಆಲೂಗಡ್ಡೆಗೂ ಇದೇ ಕಥೆ.

ಹಾಗಾಗಿ ಬೇಗ ಆರಿಸುವುದೇ ಮುಖ್ಯ. ಆಳದ ಪಾತ್ರೆಯಲ್ಲೇ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಹಬೆ ಹೋದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ಗಿಡಿ. ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಲಿ. ಅನ್ನವನ್ನು ಮರುದಿನಕ್ಕೆ ಮುಗಿಸುವುದು ಒಳ್ಳೆಯದು, ಬೇಯಿಸಿದ ಬೇಳೆ, ತರಕಾರಿ 3 ದಿನ ಇರುತ್ತವೆ. ತಿನ್ನುವಾಗ ಬೇಕಾದಷ್ಟನ್ನೇ ತೆಗೆದು, ಹಬೆಯಾಡುವಷ್ಟು ಬಿಸಿ ಮಾಡಿ.

ಚಳಿಗಾಲ ಅಂತ ಸುಮ್ನೆ ಕಿಟಕಿ ಪಕ್ಕ ಇಡಬೇಡಿ, ಅಲ್ಲಿನ ಬಿಸಿ ಹೊತ್ತಿಗೊಂದು ಥರ ಇರುತ್ತದೆ. ಕೋಣೆಯಲ್ಲಿ ಫ್ರಿಜ್ಜೇ ಇಲ್ಲವಾದರೆ ಒಂದು ಹೊತ್ತಿಗೆ ಆಗುವಷ್ಟೇ ಮಾಡಿ.